ಹಳೇ ಪಿಕಪ್ಪಿಗೆ ಆಟೋಮ್ಯಾಟಿಕ್ ಗೇರು: ನಾನು ಯಾಕೆ ಬೇಡ ಅಂದೆ

ನನ್ನ ಎಡಗಾಲಿನ ಮಂಡಿ ಸವೆದುಹೋಗಿದೆ. ಎಕ್ಸರೇ ನೋಡಿದ ಡಾಕ್ಟರು ಮೂರು ಮಾತು ಹೇಳಿದರು. ಮೆಟ್ಟಿಲು ಕಮ್ಮಿ ಹತ್ತಿ, ಕುಕ್ಕರಗಾಲಲ್ಲಿ ಕೂರಬೇಡಿ, ಕ್ಲಚ್ ಇರೋ ಗಾಡಿ ಓಡಿಸಬೇಡಿ. ಮೊದಲಿನ ಎರಡನ್ನು ಹೇಗೋ ನಡೆಸಬಹುದು. ಮೂರನೆಯದು ನಮ್ಮಂಥವರಿಗೆ ಆಗುವ ಮಾತಲ್ಲ. ನಮ್ಮ ಮನೆಯ ರಾಗಿ, ಹೊಗೆಸೊಪ್ಪಿನ ಬೇಲು, ಬ್ಯಾರನ್ನಿನ ಸೌದೆ, ಹಸುವಿನ ಮೇವು, ಗೊಬ್ಬರ ಎಲ್ಲ ಓಡಾಡುವುದು 2009ರ ಒಂದು ಡೀಸೆಲ್ ಪಿಕಪ್ಪಿನಲ್ಲಿ. ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದವನು ನಾನೇ, ಓಡಿಸುವವನೂ ನಾನೇ. ಡ್ರೈವರ್ ಇಟ್ಟರೆ ಮಳೆ ನಂಬಿದ ಹೊಲದಲ್ಲಿ ಅವನ ಸಂಬಳ ಹುಟ್ಟುವುದಿಲ್ಲ.

ಒಂದು ದಿನ ಮುಸುಕಿನ ಜೋಳ ಹೇರಿಕೊಂಡು ಹುಣಸೂರಿನಿಂದ ಮೈಸೂರು ಬಂಡಿಪಾಳ್ಯದ ಎಪಿಎಂಸಿಗೆ ಹೋಗುವಾಗ ಎಷ್ಟು ಸಲ ಕ್ಲಚ್ ತುಳಿಯುತ್ತೇನೆ ಅಂತ ಎಣಿಸಿದೆ. ಬಿಳಿಕೆರೆ, ಇಲವಾಲ ದಾಟಿ ಹಿನಕಲ್ ಹತ್ತಿರ ಬರುವಷ್ಟರಲ್ಲಿ ನೂರೈವತ್ತು ಮೀರಿತು. ಅಲ್ಲಿಂದಾಚೆ ಊರೊಳಗಿನ ಟ್ರಾಫಿಕ್ಕು, ಎಣಿಕೆ ಬಿಟ್ಟೆ. ವಾಪಸು ಬಂದ ರಾತ್ರಿ ಕಾಲು ಮಡಿಸಲಾಗದೆ ಜಗುಲಿಯ ಮೇಲೆ ನೀಡಿಕೊಂಡೇ ಊಟ ಮಾಡಿದೆ.

ಇದನ್ನು ನೋಡಿ ಮೈಸೂರಿನಲ್ಲಿ ಕೆಲಸದಲ್ಲಿರುವ ಮಗ ಒಂದು ಉಪಾಯ ತಂದ. "ಅಪ್ಪ, ಗೇರ್‌ಬಾಕ್ಸನ್ನೇ ತೆಗೆಸಿ ಆಟೋಮ್ಯಾಟಿಕ್ ಹಾಕಿಸಿಬಿಡೋಣ. ಕ್ಲಚ್ಚೇ ಇರಲ್ಲ. ದುಡ್ಡು ನಾನು ಕೊಡ್ತೀನಿ" ಅಂದ. ಒಂದು ಗ್ಯಾರೇಜಿನಲ್ಲಿ ವಿಚಾರಿಸಿಯೂ ಬಂದಿದ್ದ. ಬೆಂಗಳೂರು ಶಿವಾಜಿನಗರದ ಗುಜರಿಯಿಂದ ದೊಡ್ಡ ಕಾರಿನ ಹಳೇ ಆಟೋಮ್ಯಾಟಿಕ್ ಗೇರ್‌ಬಾಕ್ಸು ತಂದು ಕೂರಿಸಿಕೊಡುತ್ತಾರಂತೆ, ಎಲ್ಲ ಸೇರಿ 1,40,000 ರೂಪಾಯಿ. ಮಗ ತಾನಾಗಿ ಕೊಡ್ತೀನಿ ಅಂದಾಗ ಬೇಡ ಅನ್ನುವುದು ಸುಲಭವಲ್ಲ. ಆದರೂ ಬೇಡ ಅಂದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನನ್ನ ಹಾಗೆಯೇ ಐವತ್ತು ದಾಟಿದ, ಮಕ್ಕಳು ಪೇಟೆ ಸೇರಿದ, ಬಾಗಿಲಲ್ಲಿ ಹಳೇ ಪಿಕಪ್ ನಿಲ್ಲಿಸಿಕೊಂಡ ರೈತರು ಊರಿಗೆ ನಾಲ್ಕೈದು ಮಂದಿ ಸಿಗುತ್ತಾರೆ. ಈ ಮಾತು ಅವರ ಕಿವಿಗೂ ಬಿದ್ದಿರುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಆಟೋಮ್ಯಾಟಿಕ್ ಅನ್ನುವುದೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗನ ಕಾರು ಅಂಥದ್ದೇ. ಒಂದು ಭಾನುವಾರ ಓಡಿಸಲು ಕೂತೆ. ಸಿಗ್ನಲ್ ಹತ್ತಿರ ಅಭ್ಯಾಸಬಲದಿಂದ ಎಡಗಾಲು ಕ್ಲಚ್ ಹುಡುಕಿತು, ಸಿಕ್ಕಿದ್ದು ಬ್ರೇಕು. ಬಲವಾಗಿ ಒತ್ತಿಬಿಟ್ಟೆ. ಹಿಂದೆ ಕೂತಿದ್ದ ನಮ್ಮ ಮನೆಯವರ ಹಣೆ ಮುಂದಿನ ಸೀಟಿಗೆ ಬಡಿಯಿತು. ಆಮೇಲೆ ಎಡಗಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು ಕೂತೆ. ಊರಿಗೆ ಬಂದು ಇಳಿದಾಗ ಮಂಡಿ ನೋಯುತ್ತಿರಲಿಲ್ಲ. ಅದು ನಿಜವಾದ ಸುಖ, ಸುಳ್ಳು ಹೇಳಬಾರದು.

ಆದರೆ ಅದು ಆ ಕಾರಿಗೆ ಹುಟ್ಟಿನಿಂದ ಬಂದದ್ದು. ನಮ್ಮ ಪಿಕಪ್ಪಿಗೆ ನಡುವಯಸ್ಸಿನಲ್ಲಿ ಕೂರಿಸುವುದು ಬೇರೆ ಲೆಕ್ಕ. ಆ ಗ್ಯಾರೇಜಿಗೆ ಎರಡು ಸಲ ಹೋಗಿ ಬಿಚ್ಚಿಟ್ಟಿದ್ದ ಒಂದು ಬಾಕ್ಸನ್ನು ನೋಡಿ, ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ನಮ್ಮ ಗಾಡಿಯಲ್ಲಿ ಎಂಜಿನ್ನಿನ ಚಕ್ರಕ್ಕೆ ಕ್ಲಚ್ ಪ್ಲೇಟು ಗಟ್ಟಿಯಾಗಿ ಕಚ್ಚಿಕೊಂಡು ಗೇರ್‌ಬಾಕ್ಸನ್ನು ತಿರುಗಿಸುತ್ತೆ. ಆಟೋಮ್ಯಾಟಿಕ್‌ನಲ್ಲಿ ಆ ಕಚ್ಚುವ ಪ್ಲೇಟಿನ ಜಾಗದಲ್ಲಿ ಎಣ್ಣೆ ತುಂಬಿದ ಒಂದು ಗುಂಡನೆಯ ಡಬ್ಬ. ಟಾರ್ಕ್ ಕನ್ವರ್ಟರ್ ಅನ್ನುತ್ತಾರೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದು ತಿರುಗುವುದಿಲ್ಲವೇ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎಣ್ಣೆಯ ಒತ್ತಡದಿಂದಲೇ ಒಳಗಿನ ಗೇರುಗಳು ತಾವಾಗಿ ಬದಲಾಗುತ್ತವೆ. ಮಧ್ಯೆ ಎಣ್ಣೆ ಇರುವುದರಿಂದ ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಜಾರಿಹೋಗಿ ಬಿಸಿಯಾಗುತ್ತೆ. ಬರೀ ಗಾಡಿ ಸಮ ರಸ್ತೆಯಲ್ಲಿ ಓಡುವಾಗ ಅದು ಅಷ್ಟು ಗೊತ್ತಾಗದು. ಭಾರ ಹೇರಿಕೊಂಡು ನಿಧಾನಕ್ಕೆ ಏರು ಹತ್ತುವಾಗಲೇ ಜಾಸ್ತಿ ಬಿಸಿ. ನಮ್ಮ ಗಾಡಿ ದಿನಾ ಮಾಡುವ ಕೆಲಸವೇ ಅದು. ಎರಡೂವರೆ ಲೀಟರಿನ ಹಳೇ ಡೀಸೆಲ್ ಎಂಜಿನ್ನಿಗೆ ಇರುವುದೇ ಅರವತ್ತು ಚಿಲ್ಲರೆ ಕುದುರೆ ಶಕ್ತಿ. ಅದರಲ್ಲೂ ಎಣ್ಣೆಗೆ ಒಂದು ಪಾಲು ಕೊಟ್ಟರೆ ಹೊರೆಗೆ ಉಳಿಯುವುದೆಷ್ಟು?

ಅಮೆರಿಕಾದವರು ಹಳೇ ಪಿಕಪ್ಪುಗಳಿಗೆ ಈ ಕೆಲಸ ಮಾಡಿಸುತ್ತಾರಂತೆ, ಮಗ ಮೊಬೈಲಿನಲ್ಲಿ ತೋರಿಸಿದ. ಮಾಡಿಸಲಿ. ಅಲ್ಲಿ ಜನರಲ್ ಮೋಟಾರ್ಸಿನವರು 1939ರಲ್ಲೇ ಹೈಡ್ರಾ-ಮ್ಯಾಟಿಕ್ ಅಂತ ಆಟೋಮ್ಯಾಟಿಕ್ ಗೇರು ಮಾಡಿ ಮಾರುಕಟ್ಟೆಗೆ ತಂದರು, ಎರಡನೇ ಮಹಾಯುದ್ಧದಲ್ಲಿ ಟ್ಯಾಂಕಿಗೂ ಹಾಕಿದರು. ಅಲ್ಲಿಯ ಪಿಕಪ್ಪಿನ ಎಂಜಿನ್ನು ನಮ್ಮದರ ಎರಡರಷ್ಟು ಇರುತ್ತೆ. ಒಂದೇ ಕಂಪನಿಯ ಒಂದೇ ಎಂಜಿನ್ನಿಗೆ ಎರಡು ಥರದ ಗೇರ್‌ಬಾಕ್ಸೂ ಬಂದಿರುತ್ತೆ. ಹಾಗಾಗಿ ಒಂದನ್ನು ಬಿಚ್ಚಿ ಇನ್ನೊಂದನ್ನು ಕೂರಿಸಿದರೆ ಬೋಲ್ಟಿಗೆ ಬೋಲ್ಟು ಕೂರುತ್ತೆ. ನಮ್ಮ ಗಾಡಿಗೆ ಆ ಭಾಗ್ಯವಿಲ್ಲ. ಯಾವುದೋ ಕಾರಿನ ಬಾಕ್ಸು, ಯಾವುದೋ ಎಂಜಿನ್ನು. ನಡುವೆ ಲೇತಿನಲ್ಲಿ ಕಡೆಸಿದ ಒಂದು ದಪ್ಪ ತಗಡು. ಅದು ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು, ಸೀಲು ತಿನ್ನುತ್ತಾ ಹೋಗುತ್ತೆ.

ಅಲ್ಲಿಗೆ ಮುಗಿಯಲಿಲ್ಲ. ಫ್ಲೈವೀಲ್ ತೆಗೆಯಬೇಕು. ಸ್ಟಾರ್ಟರ್ ಮೋಟಾರು ಸರಿಯಾಗಿ ಹಲ್ಲಿಗೆ ಕೂರಬೇಕು. ಬಾಕ್ಸಿನ ಉದ್ದ ಬೇರೆ ಇರುವುದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸುಗೆ ಹಾಕಿ ಬ್ಯಾಲೆನ್ಸ್ ಮಾಡಿಸಬೇಕು. ಚಾಸಿಯ ಅಡ್ಡಪಟ್ಟಿ ಜರುಗಿಸಬೇಕು. ಎಣ್ಣೆ ತಣ್ಣಗಾಗಲು ಮುಂದೆ ಒಂದು ಪುಟ್ಟ ರೇಡಿಯೇಟರು. ಕಿಲೋಮೀಟರ್ ಮುಳ್ಳಿನ ವಯರು ಬೇರೆ. ಇತ್ತೀಚಿನ ಬಾಕ್ಸಾದರೆ ಅದಕ್ಕೊಂದು ಕಂಪ್ಯೂಟರ್ ಡಬ್ಬಿ ಇರುತ್ತೆ. ಎಂಜಿನ್ ಎಷ್ಟು ಎಳೆಯುತ್ತಿದೆ, ಆಕ್ಸಿಲರೇಟರ್ ಎಷ್ಟು ಒತ್ತಿದೆ ಅಂತ ಆ ಡಬ್ಬಿಗೆ ಗೊತ್ತಾಗಬೇಕು. ನಮ್ಮ ಹಳೇ ಎಂಜಿನ್ನಿಗೆ ಅಂಥ ಮಾತು ಬರುವುದಿಲ್ಲ, ಅದು ಬರೀ ಪಂಪು, ಕೇಬಲ್ಲು. "ಅದಕ್ಕೆ ಬೇರೆ ಸೆನ್ಸರ್ ಕೂರಿಸ್ತೀವಿ ಯಜಮಾನ್ರೇ" ಅಂದರು. ಕೆಟ್ಟರೆ ಯಾರು ನೋಡ್ತಾರೆ ಅಂದೆ. "ಇಲ್ಲಿಗೇ ತನ್ನಿ" ಅಂದರು. ಹುಣಸೂರು ಕಲ್ಕುಣಿಕೆಯಲ್ಲೋ ಪಿರಿಯಾಪಟ್ಟಣದಲ್ಲೋ ಮರದಡಿ ಕೂತ ಮೆಕ್ಯಾನಿಕ್ಕು ನಮ್ಮ ಗೇರ್‌ಬಾಕ್ಸನ್ನು ಕಣ್ಣುಮುಚ್ಚಿ ಇಳಿಸುತ್ತಾನೆ. ಇದನ್ನು ಇಳಿಸಲಾರ. ಒಣಭೂಮಿಯವನಿಗೆ ಗಾಡಿ ಅಂದರೆ ತನ್ನ ಊರಿನ ಹತ್ತಿರ ರಿಪೇರಿಯಾಗುವ ಗಾಡಿ. ಈ ಒಂದು ಗುಣವನ್ನೇ ಒಂದೂವರೆ ಲಕ್ಷ ಕೊಟ್ಟು ಕಳೆದುಕೊಳ್ಳಬೇಕೇ?

ಪಿರಿಯಾಪಟ್ಟಣದ ಕಡೆ ನಮ್ಮ ನೆಂಟರೊಬ್ಬರು ಮಾಡಿಸಿದ್ದರು. ಅವರದು ಜೀಪಿನ ಥರದ ಹಳೇ ಪಿಕಪ್ಪು. ಮಾಡಿಸಿದ ಹೊಸದರಲ್ಲಿ ಊರೆಲ್ಲ ಓಡಿಸಿ ತೋರಿಸಿದರು, ನಾನೂ ಹತ್ತಿ ಕೂತಿದ್ದೆ, ಚೆನ್ನಾಗಿಯೇ ಇತ್ತು. ಬರೀ ಗಾಡಿಯಲ್ಲಿ ಯಾವುದೂ ಚೆನ್ನಾಗಿಯೇ ಇರುತ್ತೆ. ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆ ಬೇಲು ಹೇರಿಕೊಂಡು ಪ್ಲಾಟ್‌ಫಾರಮ್ಮಿಗೆ ಹೊರಟರು. ಹೇರಿದ್ದು ತುಸು ಜಾಸ್ತಿಯೇ. ಆರ್‌ಸಿಯಲ್ಲಿ ಬರೆದಷ್ಟನ್ನೇ ಹೇರುವ ರೈತ ನಮ್ಮಲ್ಲಿ ಯಾರಿದ್ದಾರೆ, ಒಪ್ಪಿಕೊಳ್ಳೋಣ. ಕೆರೆ ಏರಿ ಹತ್ತುವಾಗ ಸುಟ್ಟ ವಾಸನೆ ಬಂತು. ಎಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ. ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಂಟು ಕಿಲೋಮೀಟರು ಎಳೆಸಿಕೊಂಡು ಹೋದರು. ಅಲ್ಲೇ ಕೆಟ್ಟದ್ದು. ಈ ಬಾಕ್ಸಿನ ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್ನು. ಎಂಜಿನ್ ನಿಲ್ಲಿಸಿ ಹಿಂದಿನ ಚಕ್ರ ನೆಲದ ಮೇಲೆ ಉರುಳಿಸುತ್ತಾ ಎಳೆದರೆ ಒಳಗಿನ ಗೇರು ತಿರುಗುತ್ತವೆ, ಎಣ್ಣೆ ಮಾತ್ರ ಹರಿಯುವುದಿಲ್ಲ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಳೆದಿದ್ದರೆ ಬಾಕ್ಸು ಉಳಿಯುತ್ತಿತ್ತೇನೋ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬಾಕ್ಸು ಹೋಯಿತು, ಅವತ್ತಿನ ಹರಾಜಿನ ಸರದಿ ತಪ್ಪಿತು, ರಾತ್ರಿ ಬಿದ್ದ ಮಳೆಗೆ ಟಾರ್ಪಾಲು ಸಾಲದೆ ನಾಲ್ಕು ಬೇಲು ಒದ್ದೆಯಾಗಿ ಬಣ್ಣ ಕೆಟ್ಟವು. ಹೊಗೆಸೊಪ್ಪಿನಲ್ಲಿ ಬಣ್ಣ ಕೆಟ್ಟರೆ ಏನು ರೇಟು ಅಂತ ನಿಮಗೆ ಹೇಳಬೇಕಾಗಿಲ್ಲ. ಅವರು ಮತ್ತೆ ಹಳೇ ಗೇರ್‌ಬಾಕ್ಸನ್ನೇ ಹಾಕಿಸಿದರು. ಪುಣ್ಯಕ್ಕೆ ಅದನ್ನು ಗುಜರಿಗೆ ಮಾರದೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದರು.

ಇನ್ನೊಂದು ಸಣ್ಣ ವಿಷಯ, ಆದರೆ ನಮಗೆ ದೊಡ್ಡದು. ಈ ಎಣ್ಣೆ ಡಬ್ಬದ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ನಮ್ಮ ಗಾಡಿಗಳ ಬ್ಯಾಟರಿ ಹೇಗಿರುತ್ತೆ ಗೊತ್ತಲ್ಲ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ಮಾನಂದವಾಡಿ ಕಡೆಗೆ ಹುಲ್ಲು ಹೊಡೆಯುವವರನ್ನು ಕೇಳಿ ನೋಡಿ. ಕಾಡಿನ ರಸ್ತೆ, ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಗೇಟು ಹಾಕುತ್ತಾರೆ. ಗೇಟು ಹಾಕುವ ಹೊತ್ತಿನಲ್ಲಿ ಗಾಡಿ ಆಫ್ ಆದರೆ ಇಳಿದು ನಾಲ್ಕು ಜನ ತಳ್ಳಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಹೊತ್ತಿಕೊಳ್ಳುತ್ತೆ. ಆಟೋಮ್ಯಾಟಿಕ್ ಆದರೆ ಆನೆ ಬರುವ ತನಕ ಕಾಯುತ್ತಾ ಕೂರಬೇಕು. ಇಳಿಜಾರಿನ ಲೆಕ್ಕವೂ ಹಾಗೇ. ಭಾರದ ಗಾಡಿ ಇಳಿಸುವಾಗ ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತೆ. ಆಟೋಮ್ಯಾಟಿಕ್‌ನಲ್ಲೂ ಸಣ್ಣ ಗೇರಿಗೆ ಕೈಯಿಂದ ಹಾಕುವ ಜಾಗ ಇರುತ್ತೆ. ಆದರೂ ಎಣ್ಣೆಯ ಹಿಡಿತ ಪ್ಲೇಟಿನ ಹಿಡಿತದ ಹಾಗಲ್ಲ. ಮಾಮೂಲು 'ಡಿ'ಯಲ್ಲೇ ಬಿಟ್ಟುಕೊಂಡು ಬಂದರೆ ಎಲ್ಲ ಭಾರ ಬ್ರೇಕಿನ ಮೇಲೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ್ದಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾಲೀಕ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. "ಬಾನೆಟ್ ಎತ್ತಿ ಯಾರು ನೋಡ್ತಾರೆ ಬುಡಿ" ಅನ್ನುವವರು ಇದ್ದಾರೆ. ಸ್ವಂತ ಕಾರಿನವರಿಗೆ ಆ ಮಾತು ನಡೆದೀತು. ನಮ್ಮದು ಸಾಗಾಣಿಕೆ ವಾಹನ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ. ವರ್ಷಕ್ಕೊಂದು ಸಲ ಇನ್‌ಸ್ಪೆಕ್ಟರರ ಮುಂದೆ ನಿಲ್ಲಿಸಿ ಅವರೇ ಹತ್ತಿ ಓಡಿಸಿದರೆ, ಕೆಳಗೆ ಎರಡೇ ಪೆಡಲು ಇರುವುದು ಕಾಣುವುದಿಲ್ಲವೇ? ಅದಕ್ಕಿಂತ ಭಯದ್ದು ಇನ್ಶೂರೆನ್ಸು. ಯಾರಿಗಾದರೂ ಗುದ್ದಿ, ಗಾಡಿಯನ್ನು ತಿಳಿಸದೆ ಬದಲಾಯಿಸಿದ್ದಾರೆ ಅಂತ ಕಂಪನಿ ತಕರಾರು ತೆಗೆದರೆ ಹೊಲ ಮಾರಿ ಕಟ್ಟಬೇಕಾದೀತು.

ಮಗನಿಗೆ ಇಷ್ಟನ್ನೂ ಹೇಳಿದ ಮೇಲೆ ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ: "ಹಾಗಾದ್ರೆ ನಿನ್ನ ಮಂಡಿಗೆ ಏನು ಮಾಡ್ತೀಯ?"

ನಾನು ಮಾಡಿದ್ದು ನಾಲ್ಕು ವರ್ಷದ ಹಿಂದೆಯೇ ಮಾಡಬೇಕಿದ್ದ ಕೆಲಸ. ಹುಣಸೂರಿನ ಹಳೇ ಮೆಕ್ಯಾನಿಕ್ಕನ ಹತ್ತಿರ ಹೋಗಿ ಪೆಡಲು ತುಳಿದು ನೋಡಪ್ಪಾ ಅಂದೆ. ಒಂದು ಸಲ ತುಳಿದವನೇ, "ಇದು ಕ್ಲಚ್ಚಾ ಯಜಮಾನ್ರೇ? ಎಣ್ಣೆ ಗಾಣ ಇದ್ದಂಗಿದೆ. ಮಂಡಿ ಇನ್ನೂ ಐತಲ್ಲ, ಅದೇ ದೊಡ್ಡದು" ಅಂದ. ಕ್ಲಚ್ ಭಾರವಾಗಿದ್ದರೆ ಅದು ಗಾಡಿಯ ಹುಟ್ಟುಗುಣ ಅಂತ ನಾನು ತಿಳಿದಿದ್ದೆ. ಅದು ಕಾಯಿಲೆ. ಪ್ಲೇಟು ಸವೆಯುತ್ತಾ ಹೋದ ಹಾಗೆ ಹಿಂದಿನ ಸ್ಪ್ರಿಂಗಿನ ತಟ್ಟೆ ಓರೆಯಾಗಿ ನಿಂತು, ಅದನ್ನು ಒತ್ತಲು ಜಾಸ್ತಿ ಬಲ ಬೇಕಾಗುತ್ತೆ. ದಿನಾ ಸ್ವಲ್ಪ ಸ್ವಲ್ಪ ಬಿಗಿಯಾಗುವುದರಿಂದ ಓಡಿಸುವವನಿಗೆ ಗೊತ್ತಾಗುವುದಿಲ್ಲ. ಬೇರೆಯವರು ತುಳಿದಾಗಲೇ ಗೊತ್ತಾಗುವುದು. ಬಿಚ್ಚಿ ನೋಡಿದರೆ ಪ್ಲೇಟು ಮುಗಿದಿತ್ತು, ಬೇರಿಂಗು ಒಣಗಿ ಕಿರುಗುಟ್ಟುತ್ತಿತ್ತು, ಫೋರ್ಕು ಕೂರುವ ಗುಂಡು ಸವೆದು ಚಪ್ಪಟೆಯಾಗಿತ್ತು, ಕೆಳಗಿನ ಎಣ್ಣೆ ಸಿಲಿಂಡರು ತುಕ್ಕು ಹಿಡಿದಿತ್ತು. ಕ್ಲಚ್ ಸೆಟ್ಟು, ಬೇರಿಂಗು, ಸಿಲಿಂಡರು, ಕೂಲಿ ಎಲ್ಲ ಸೇರಿ 12,600 ರೂಪಾಯಿ ಆಯಿತು. ಪೆಡಲಿನ ಗೂಟದ ಬುಷ್ಷುಗಳನ್ನು ಬದಲಾಯಿಸಿ ಗ್ರೀಸ್ ಹಾಕಿದ್ದಕ್ಕೆ ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಸೀಟನ್ನೂ ಎರಡು ಇಂಚು ಎತ್ತರಿಸಿ ಸ್ವಲ್ಪ ಹಿಂದಕ್ಕೆ ಹಾಕಿಸಿದೆ. ಮಂಡಿ ತೀರಾ ಮಡಿಚಿಕೊಂಡು ತುಳಿಯುವುದು ತಪ್ಪಿತು.

ನೋವು ಹೋಯಿತೇ ಅಂದರೆ ಇಲ್ಲ. ಸವೆದ ಮಂಡಿ ಸವೆದಿದ್ದೇ. ಬಂಡಿಪಾಳ್ಯಕ್ಕೆ ಹೋಗಿಬಂದ ರಾತ್ರಿ ಈಗಲೂ ಎಣ್ಣೆ ತಿಕ್ಕಬೇಕು. ಆದರೆ ಮಡಿಸಿಕೊಂಡು ಊಟಕ್ಕೆ ಕೂರುತ್ತೇನೆ. ಇನ್ನೈದು ವರ್ಷಕ್ಕೆ ಏನು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಇಲ್ಲಿಯೇ ನಮ್ಮ ನಿಜವಾದ ತಕರಾರು ಇರುವುದು. ಅದು ಗ್ಯಾರೇಜಿನವರ ಮೇಲೆ ಅಲ್ಲ, ಗಾಡಿ ಮಾಡುವವರ ಮೇಲೆ.

ಸ್ಕೂಟರನ್ನು ನೋಡಿ. ನಾವು ಚಿಕ್ಕವರಿದ್ದಾಗ ಚೇತಕ್ ಓಡಿಸುವುದು ಅಂದರೆ ಎಡಗೈಲಿ ಕ್ಲಚ್ ಹಿಡಿದು ಮಣಿಕಟ್ಟು ತಿರುಗಿಸಿ ಗೇರು ಹಾಕುವುದು. ಹೆಂಗಸರು ಹಿಂದೆ ಕೂರುವವರೇ ಹೊರತು ಓಡಿಸುವವರಲ್ಲ. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು, ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಆಮೇಲೆ ಸ್ಕೂಟಿ, ಆಕ್ಟಿವಾ. ಈಗ ನಮ್ಮೂರಲ್ಲಿ ಡೈರಿಗೆ ಹಾಲು ತರುವವರಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳು, ಕ್ಯಾನನ್ನು ಕಾಲ ಹತ್ತಿರ ಇಟ್ಟುಕೊಂಡು ಬರ್ ಅಂತ ಬರುತ್ತಾರೆ. ಇದಕ್ಕಾಗಿ ಯಾರೂ ಚೇತಕ್ಕಿನ ಗೇರು ಕಿತ್ತು ಬೇರೆ ಹಾಕಿಸಲಿಲ್ಲ. ಕಂಪನಿಯವರೇ ಆ ಥರದ್ದು ಮಾಡಿದರು, ಜನ ಕೊಂಡರು, ಹತ್ತು ವರ್ಷದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ನಮ್ಮ ಕೈಗೂ ಬಂತು. ಹಳೇ ಚೇತಕ್ ಹೋಗಿ ಈಗ ಅದೇ ಹೆಸರಿನಲ್ಲಿ ಬರುತ್ತಿರುವುದು ಕರೆಂಟಿನದು, ಅದಕ್ಕೂ ಗೇರಿಲ್ಲ.

ಕಾರಿನಲ್ಲೂ ಹಾಗೇ ಆಯಿತು. ಮಾರುತಿಯವರು 2014ರಲ್ಲಿ ಸೆಲೆರಿಯೋ ಕಾರಿಗೆ ಎಎಂಟಿ ಅಂತ ಒಂದನ್ನು ಹಾಕಿ ಬಿಟ್ಟರು. ಅದರಲ್ಲಿ ಎಣ್ಣೆ ಡಬ್ಬ ಇಲ್ಲ. ಇರುವುದು ನಮ್ಮದೇ ಥರದ ಗೇರ್‌ಬಾಕ್ಸು, ನಮ್ಮದೇ ಥರದ ಕ್ಲಚ್ ಪ್ಲೇಟು. ಕ್ಲಚ್ ಒತ್ತುವ, ಗೇರು ಬದಲಾಯಿಸುವ ಕೆಲಸವನ್ನು ಮಾತ್ರ ಒಂದು ಯಂತ್ರ ಮಾಡುತ್ತೆ. ಶಕ್ತಿ ಜಾರುವುದಿಲ್ಲ, ಬೆಲೆಯೂ ತೀರಾ ಏರುವುದಿಲ್ಲ. ರೈತನ ಪಿಕಪ್ಪಿಗೆ ಬೇಕಾದದ್ದು ಇಂಥದ್ದೇ ಅಂತ ನನ್ನ ತಿಳುವಳಿಕೆ. ಆದರೆ ಆಟೋಮ್ಯಾಟಿಕ್ ಪಿಕಪ್ಪು ಅಂತ ಷೋರೂಮಿನಲ್ಲಿ ತೋರಿಸುವುದು ಶೋಕಿಯವರು ಕೊಳ್ಳುವ, ಮೂವತ್ತು ಲಕ್ಷದ ಸುತ್ತಮುತ್ತಲಿನ ಗಾಡಿ. ಅದರ ಹಿಂದೆ ಹಸುವಿನ ಗೊಬ್ಬರ ಹೇರುವವರು ಯಾರು? ಕರೆಂಟಿನ ಸಣ್ಣ ಲಗೇಜ್ ಗಾಡಿಗಳಿಗೆ ಕ್ಲಚ್ ಇಲ್ಲ. ಟಾಟಾದವರು 2022ರಲ್ಲಿ ಏಸ್ ಗಾಡಿಯನ್ನೇ ಕರೆಂಟಿನಲ್ಲಿ ಬಿಟ್ಟರು. ಪೇಟೆಯೊಳಗೆ ಸುತ್ತುವವರಿಗೆ ಅದು ಸರಿ. ನಮ್ಮ ಹಳ್ಳಿಯಲ್ಲಿ ತ್ರೀಫೇಸು ಬರುವ ಹೊತ್ತು ನೋಡಿಕೊಂಡು ಮೋಟಾರು ಹಾಕುವ ನಾವು ಅದನ್ನು ನಂಬಿ ಬೇಲು ಹೇರಲು ಇನ್ನೂ ಕಾಲ ಬೇಕು.

ಗಾಡಿ ಮಾಡುವವರ ಲೆಕ್ಕದಲ್ಲಿ ಪಿಕಪ್ ಓಡಿಸುವವನು ಇಪ್ಪತ್ತೈದು ವರ್ಷದ ಗಟ್ಟಿ ಹುಡುಗ. ನಮ್ಮ ಊರುಗಳಲ್ಲಿ ಆ ಹುಡುಗ ಇಲ್ಲ. ಅವನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬೇರೆಯವರ ಗಾಡಿ ಓಡಿಸುತ್ತಿದ್ದಾನೆ. ಊರಲ್ಲಿ ಓಡಿಸಬೇಕಾದವರು ನಾವು ಮುದುಕರು, ಇಲ್ಲವೇ ಮನೆಯ ಹೆಣ್ಣುಮಕ್ಕಳು. ಕಾರಿನ ಲೈಸೆನ್ಸ್ ಇದ್ದರೆ ಒಟ್ಟು ತೂಕ 7,500 ಕಿಲೋ ಮೀರದ ಸಾಗಾಣಿಕೆ ವಾಹನ ಓಡಿಸಬಹುದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ. ಲೈಸೆನ್ಸಿನ ಅಡ್ಡಿ ಹೋಯಿತು, ಪೆಡಲಿನ ಅಡ್ಡಿ ಉಳಿಯಿತು. ಕೃಷಿಮೇಳದಲ್ಲಿ ಗಾಡಿ ಕಂಪನಿಯವರು ಸ್ಟಾಲು ಹಾಕಿ ಹೆಸರು, ಫೋನ್ ನಂಬರು ಬರೆದುಕೊಳ್ಳುತ್ತಾರೆ. ಆಗ ನಾವು ಕೇಳುವುದು ಮೈಲೇಜ್ ಎಷ್ಟು, ಲೋನ್ ಎಷ್ಟು ಅಂತ ಮಾತ್ರ. ಕ್ಲಚ್ ಇಲ್ಲದ್ದು ಯಾವಾಗ ಮಾಡ್ತೀರಿ ಅಂತಲೂ ಕೇಳಬೇಕು. ನೂರು ಜನ ಕೇಳಿದರೆ ಮೇಲಿನವರ ತನಕ ಹೋದೀತು.

ಕಾಲು ಪೂರ್ತಿ ಹೋದವರ ಮಾತು ಬೇರೆ. ಅವರಿಗೆ 2019ರ ತಿದ್ದುಪಡಿಯಲ್ಲೇ ದಾರಿ ಬಿಟ್ಟಿದ್ದಾರೆ. ಅಂಗವಿಕಲರು ತಮ್ಮ ಗಾಡಿಯನ್ನು ತಮಗೆ ಹೊಂದುವ ಹಾಗೆ ಬದಲಾಯಿಸಿ, ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಗೆ ಹತ್ತಿಸಬಹುದು. ಅಂಥವರಿಗಾಗಿ ಗೇರ್‌ಬಾಕ್ಸನ್ನು ಮುಟ್ಟದೆ, ಕ್ಲಚ್ ಒತ್ತುವ ಕೆಲಸವನ್ನು ಮಾತ್ರ ಮಾಡುವ ಆಟೋ ಕ್ಲಚ್ ಕಿಟ್ಟು ಕಾರುಗಳಿಗೆ ಸಿಗುತ್ತೆ. ಗೇರನ್ನು ಕೈಯಿಂದಲೇ ಹಾಕಬೇಕು, ಎಡಗಾಲು ಮಾತ್ರ ಬೇಕಾಗುವುದಿಲ್ಲ. ಗುಜರಿ ಬಾಕ್ಸಿಗಿಂತ ಇದು ನೂರು ಪಾಲು ವಾಸಿ ಅನ್ನಿಸುತ್ತೆ, ಬೇಡ ಅಂದರೆ ಬಿಚ್ಚಿಡಲೂಬಹುದು. ಭಾರ ಹೇರಿದ ಡೀಸೆಲ್ ಪಿಕಪ್ಪಿನಲ್ಲಿ ಅದು ಹೇಗೆ ನಡೆದುಕೊಳ್ಳುತ್ತೆ ಅಂತ ಓಡಿಸಿದವರ ಬಾಯಲ್ಲೇ ಕೇಳಬೇಕು. ಓದುಗರಲ್ಲಿ ಯಾರಾದರೂ ಆರ್‌ಟಿಓ ಒಪ್ಪಿಗೆ ಪಡೆದು ಪಿಕಪ್ಪಿಗೋ ಜೀಪಿಗೋ ಹಾಕಿಸಿದ್ದರೆ, ಎಷ್ಟು ಖರ್ಚಾಯಿತು, ಏರಿನಲ್ಲಿ ಹೇಗೆ, ಎಫ್‌ಸಿಗೆ ತೊಂದರೆ ಆಯಿತೇ ಅಂತ ಪತ್ರಿಕೆಗೆ ನಾಲ್ಕು ಸಾಲು ಬರೆದು ಹಾಕಿ. ನಮ್ಮ ಗಾಡಿಯ ಎಫ್‌ಸಿ ಬರುವ ತಿಂಗಳು ಮುಗಿಯುತ್ತೆ. ಅಷ್ಟರೊಳಗೆ ಗೊತ್ತಾದರೆ ಒಳ್ಳೆಯದು.